ಕಾರ್ಡಿನ ಹಿಂಬದಿ

ಆ ಕಾರ್ಡು ಮಾಡಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟಳು ಅಂತ ಯಾರೂ ಅನ್ನಬಾರದು.

ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿತ್ತು. ಆಲ್ಡರ್‌ಫೀಲ್ಡ್ ಕೌನ್ಸಿಲಿನ ಆರೋಗ್ಯ ಇಲಾಖೆಗೆ ಇದ್ದದ್ದು ಎರಡು ಕೋಣೆ, ಒಂದು ಟೆಲಿಫೋನು, ಆರು ಜನ. ಡಾಕ್ಟರ್ ಲಾಂಗ್‌ಹರ್ಸ್ಟ್ ನಮ್ಮ ಮುಖ್ಯ ವೈದ್ಯಾಧಿಕಾರಿ. ನಾನು ಹೆಲ್ತ್ ವಿಸಿಟರ್, ಅಂದರೆ ಸೈಕಲ್ ತುಳಿದುಕೊಂಡು ಮನೆಮನೆಗೆ ಹೋಗಿ, ಕೂಸುಗಳನ್ನು ತೂಗಿ, ತಾಯಂದಿರನ್ನು ಗದರಿಸಿ ಬರುವ ನರ್ಸು. ಗದರಿಸುವುದು ಕೆಲಸದ ಭಾಗವಲ್ಲ ಅಂತ ಡಾಕ್ಟರು ಎಷ್ಟೋ ಸಲ ಹೇಳಿದ್ದರು. ಏನು ಮಾಡಲಿ, ನಾನು ಹುಟ್ಟಿದ್ದು ಯಾರ್ಕ್‌ಶೈರಿನಲ್ಲಿ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ.

ಡಾಕ್ಟರುಗಳು ಡಿಫ್ತೀರಿಯಾ ಅನ್ನುವ ಗಂಟಲುಮಾರಿಗೆ ಚುಚ್ಚುಮದ್ದು ಬಂದು ಆಗಲೇ ನಾಲ್ಕು ವರ್ಷವಾಗಿತ್ತು. ಎರಡೇ ಎರಡು ಚುಚ್ಚು, ಅದೂ ಬಿಟ್ಟಿ. ಆದರೆ ಜನ ಬರಬೇಕಲ್ಲ? ಕಂದು ಬಣ್ಣದ ಸರ್ಕಾರಿ ಲಕೋಟೆ ಬಂದರೆ ಅರ್ಧ ಊರು ಅದನ್ನು ಒಡೆಯದೆ ಒಲೆಗೆ ಹಾಕುತ್ತಿತ್ತು. ಅದಕ್ಕೇ ನಾನು ಉಪಾಯ ತೆಗೆದೆ: ಜನನ ದಾಖಲೆ ನೋಡಿ, ವರ್ಷ ತುಂಬಿದ ಪ್ರತಿ ಮಗುವಿಗೂ ಕೌನ್ಸಿಲಿನಿಂದ ಹುಟ್ಟುಹಬ್ಬದ ಕಾರ್ಡು ಕಳಿಸೋಣ. ಹಳದಿ ಬಾತುಮರಿ, ಅದರ ಕುತ್ತಿಗೆಗೆ ನೀಲಿ ರಿಬ್ಬನ್ನು, ಎದುರಿಗೆ ಒಂದೇ ಬತ್ತಿ ಹಚ್ಚಿದ ಕೇಕು. ಸಮಿತಿಯಲ್ಲಿ ಒಬ್ಬ ಸದಸ್ಯರು, ನಾವು ರೇಷನ್ನಿನ ಮೊಟ್ಟೆಯ ಪುಡಿ ತಿಂದುಕೊಂಡಿರುವಾಗ ಬಾತುಕೋಳಿಗೆ ಕೇಕು ಬೇಕೇ ಅಂತ ಕೇಳಿದರು. ಅವರ ಬಾಯಿ ಮುಚ್ಚಿಸಲು ನನಗೆ ಹತ್ತು ನಿಮಿಷ ಬೇಕಾಯಿತು.

ಡಾಕ್ಟರನ್ನು ಮಣಿಸಲು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ಚುಚ್ಚುಮದ್ದಿನ ಮಾತು ಮುಂಬದಿಯಲ್ಲೇ, ಕೆಂಪು ಅಕ್ಷರದಲ್ಲಿ ಬರಲಿ ಅಂತ ಅವರ ಹಟ.

"ಹುಟ್ಟಿದಬ್ಬದ ದಿನ ಬಾಗ್ಲಿಗೆ ಬಂದು ಯಾರಾದ್ರೂ ಸೂಜಿ ತೋರಿಸ್ತಾರಾ ಡಾಕ್ಟ್ರೇ?" ಅಂದೆ. "ಮುಂದೆ ಚಂದ ಇರ್ಲಿ. ಹೇಳೋದನ್ನ ಹಿಂದೆ ಹೇಳೋಣ."

ಅವರು ಕನ್ನಡಕ ಒರೆಸಿಕೊಂಡು ಆಗಲಿ ಅಂದರು. ನನ್ನ ಜೊತೆ ವಾದಕ್ಕಿಳಿದು ಗೆದ್ದವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಕಾಗದದ ಅಭಾವ, ಕಾರ್ಡು ಅಂಗೈಯಗಲ. ಹಾಗಾಗಿ ಕ್ಲಿನಿಕ್ಕಿಗೆ ಯಾವಾಗ ಬರಬೇಕು, ಯಾಕೆ ಬರಬೇಕು ಎಂಬುದೆಲ್ಲ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಕೂತಿತು. ಆಮೇಲೆ ಯಾವ ಮನೆಗೆ ಹೋದರೂ ಗಡಿಯಾರದ ಪಕ್ಕ ನನ್ನ ಬಾತುಮರಿ ನಿಂತಿರುತ್ತಿತ್ತು. ನೋಡಿದಾಗೆಲ್ಲ ನಾನು ಒಳಗೊಳಗೇ ಉಬ್ಬುತ್ತಿದ್ದೆ.

ಮೂರು ವರ್ಷ ಕಳೆಯಿತು. ನಲವತ್ತೆಂಟನೇ ಇಸವಿಯ ಫೆಬ್ರವರಿ, ಒಂದು ಬುಧವಾರ ಬೆಳಿಗ್ಗೆ ಟೆಲಿಫೋನು ಬಂತು. ಮಾವಿಸ್ ಹಾಬ್ಡೇ, ನಾಲ್ಕು ವರ್ಷ, ಮಿಲ್ ಲೇನಿನ ಒಂಬತ್ತನೇ ನಂಬರು, ಗಂಟಲುಮಾರಿ. ಹದಿನಾಲ್ಕು ತಿಂಗಳಿಂದ ನಮ್ಮ ಸರಹದ್ದಿನಲ್ಲಿ ಒಂದು ಮಗುವಿಗೂ ಆ ರೋಗ ಬಂದಿರಲಿಲ್ಲ. ಯಾರೋ ನನ್ನ ಮುಖಕ್ಕೇ ಹೊಡೆದ ಹಾಗಾಯಿತು. ಊರಿನ ಮಕ್ಕಳ ಚೀಟಿ ಜೋಡಿಸಿಟ್ಟ ನನ್ನ ಪೆಟ್ಟಿಗೆಯಲ್ಲಿ ಆ ಹೆಸರಿನದು ಇರಲಿಲ್ಲ. ಹುಡುಕಿದರೆ ಊರು ಬಿಟ್ಟವರ ಡ್ರಾಯರಿನಲ್ಲಿ ಸಿಕ್ಕಿತು. "ಮಗುವನ್ನು ಸಫೋಕ್‌ನ ಅಜ್ಜಿ ಮನೆಗೆ ಒಯ್ದಿದ್ದಾರೆ, ಆಗಸ್ಟ್ ೧೯೪೪" ಅಂತ ನನ್ನದೇ ಕೈಬರಹ.

ಇದರಲ್ಲಿ ಇನ್ನೂ ದೊಡ್ಡ ತಮಾಷೆಯೆಂದರೆ, ಮಗುವಿನ ಅಪ್ಪ ಸಿರಿಲ್ ಹಾಬ್ಡೇ ನಮ್ಮ ಇಲಾಖೆಯವನೇ. ಊರಿನ ಕಸ ಎತ್ತುವುದೂ ಆರೋಗ್ಯ ಇಲಾಖೆಯ ಕೆಲಸ, ಹಾಬ್ಡೇ ಕಸದ ಲಾರಿಯವನು. ಒಂದು ಕಿವಿ ಮಂದವೆಂದು ಸೈನ್ಯಕ್ಕೆ ಸೇರಿಸಿಕೊಂಡಿರಲಿಲ್ಲ. ವಾರಕ್ಕೊಮ್ಮೆ ನಮ್ಮ ಕಚೇರಿಯ ಹಿಂದೆ ಡಬ್ಬ ಎತ್ತಲು ಬಂದಾಗ, ನನ್ನ ಸೈಕಲ್ ಕಿರುಚುವುದು ಕೇಳಿದರೆ ಊರಿನ ಮಕ್ಕಳು ತಾವಾಗೇ ಕೈ ತೊಳೆದುಕೊಳ್ಳುತ್ತವೆ ಅಂತ ಅಣಕಿಸುತ್ತಿದ್ದ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ.

ಮಿಲ್ ಲೇನಿನವರೆಗೂ ಬೈಗುಳ ಹೊಂದಿಸಿಕೊಳ್ಳುತ್ತಾ ಸೈಕಲ್ ತುಳಿದೆ. ಸಿಟ್ಟು ಎಷ್ಟಿತ್ತೆಂದರೆ ಏರಿನಲ್ಲೂ ಇಳಿಯಲಿಲ್ಲ.

ನಾನು ಹೋಗುವಷ್ಟರಲ್ಲಿ ಆಂಬುಲೆನ್ಸ್ ಮಗುವನ್ನು ಒಯ್ದಾಗಿತ್ತು. ಮಹಡಿಯಲ್ಲಿ ನಮ್ಮವನೊಬ್ಬ ಹಾಸಿಗೆ ಬಟ್ಟೆಯನ್ನೆಲ್ಲ ಹಬೆಯಲ್ಲಿ ಬೇಯಿಸಲೆಂದು ಮೂಟೆ ಕಟ್ಟುತ್ತಿದ್ದ. ಹಾಬ್ಡೇ ಅಡುಗೆಮನೆಯಲ್ಲಿ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು, ತನ್ನ ಮನೆಯಲ್ಲೇ ನೆಂಟನ ಹಾಗೆ ಕೂತಿದ್ದ. ನಾನು ಕೋಟನ್ನೂ ಬಿಚ್ಚದೆ, ಮಗುವಿಗೆ ಯಾಕೆ ಚುಚ್ಚುಮದ್ದು ಹಾಕಿಸಲಿಲ್ಲ ಅಂತ ಕೇಳಿದೆ. ಯಾವ ಚುಚ್ಚುಮದ್ದು ಅಂದ. ವರ್ಷ ತುಂಬಿದಾಗ ನಮ್ಮ ಕಾರ್ಡು ಬಂದಿರಬೇಕಲ್ಲ ಅಂದೆ.

ಕಾರ್ಡು ಅಂದದ್ದೇ ತಡ, ಅವನ ಮುಖ ಅರಳಿತು. ಅಂಥಾ ಹೊತ್ತಿನಲ್ಲೂ ಅರಳಿತು.

"ಬಂದಿತ್ತು ಮಿಸ್. ಓ, ಅಲ್ಲಿ ನೋಡಿ."

ಒಲೆಯ ಮೇಲಿನ ಗೋಡೆಯಲ್ಲಿ, ಚಿನ್ನದ ಬಣ್ಣದ ಫ್ರೇಮಿನಲ್ಲಿ, ಗಾಜಿನ ಒಳಗೆ ನನ್ನ ಬಾತುಮರಿ.

ಅವನು ಮಾತಾಡುತ್ತಲೇ ಹೋದ. ಫ್ರೇಮು ದೊಡ್ಡವರ ಬೀದಿಯ ಒಂದು ಕಸದ ಡಬ್ಬದಲ್ಲಿ ಸಿಕ್ಕಿತಂತೆ, ಗಾಜು ಮಾತ್ರ ಹೊಸದು. ಹೆಂಡತಿ ಈನಿಡ್ ನಲವತ್ತನಾಲ್ಕರ ಜುಲೈನಲ್ಲಿ ತರಕಾರಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಹಾರುಬಾಂಬು ಬಿದ್ದು ತೀರಿಹೋದಳು. ಕೂಸಿಗೆ ಆಗ ಆರು ತಿಂಗಳು. ಅತ್ತೆ ಬಂದು ಎತ್ತಿಕೊಂಡು ಹೋದರು. ಜನವರಿಯಲ್ಲಿ ಮಗುವಿಗೆ ವರ್ಷ ತುಂಬಿದ ದಿನ ಅವನೊಬ್ಬನೇ ಈ ಅಡುಗೆಮನೆಯಲ್ಲಿ ಕೂತಿದ್ದ. ಬಾಗಿಲಿನ ಸಂದಿಯಿಂದ ಒಂದೇ ಒಂದು ಟಪಾಲು ಬಿತ್ತು.

"ಯಾರಿಗೂ ನೆನಪಿರ್ಲಿಲ್ಲ ಮಿಸ್. ನಮ್ಮಣ್ಣಂಗೇ ನೆನಪಿರ್ಲಿಲ್ಲ. ನಮ್ ಕೌನ್ಸಿಲ್‌ನೋರು ನೆನಪಿಟ್ಕೊಂಡಿದ್ರು. ಅವ್ಳು ಮನೆಗ್ ಬಂದಾಗ ತೋರ್ಸೋಣಾಂತ ಜೋಪಾನ ಮಾಡ್ದೆ."

ಅಜ್ಜಿ ಕಳೆದ ಅಕ್ಟೋಬರಿನಲ್ಲಿ ತೀರಿಕೊಂಡರು, ಮಗು ಮನೆಗೆ ಬಂತು. ಅವಳ ರೇಷನ್ ಪುಸ್ತಕ ಬದಲಾಯಿಸಲು ಅವನು ಕೌನ್ಸಿಲ್ ಕಟ್ಟಡಕ್ಕೇ ಬಂದಿದ್ದ. ಆ ಕಚೇರಿ ಇರುವುದು ನಮ್ಮ ತಲೆಯ ಮೇಲಿನ ಮಹಡಿಯಲ್ಲಿ. ಅಲ್ಲಿಂದ ನಮ್ಮಲ್ಲಿಗೆ ಒಂದು ಚೀಟಿಯೂ ಇಳಿದು ಬಂದಿರಲಿಲ್ಲ.

ದಾರಿಯುದ್ದಕ್ಕೂ ಹೊಂದಿಸಿದ್ದ ಬೈಗುಳವೆಲ್ಲ ಈಗ ನನಗೇ ತಿರುಗಿತು. ಆ ಕಾರ್ಡಿನ ಹಿಂದೆ ಏನಿದೆ ಅಂತ ನನಗೆ ಬಾಯಿಪಾಠ. ಹತ್ತು ಸಾಲು, ಒಂದೊಂದನ್ನೂ ಬರೆದವಳು ನಾನು. ಅವನು ಮುಂಬದಿಯ ದೊಡ್ಡ ಅಕ್ಷರ ಓದಿ, ಹಿಗ್ಗಿ, ಹಿಂಬದಿಗೆ ರಟ್ಟು ಅಂಟಿಸಿ ಗೋಡೆಗೆ ತೂಗುಹಾಕಿದ್ದ. ನನ್ನ ಮಾತುಗಳೆಲ್ಲ ಮೂರು ವರ್ಷ ಗೋಡೆಯನ್ನೇ ನೋಡುತ್ತಾ ಕೂತಿದ್ದವು.

"ಚೆನ್ನಾಗಿದೆ" ಅಂದೆ. ಅವನ ಗಂಟಲಿನಿಂದ ಪರೀಕ್ಷೆಗೆಂದು ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆದುಕೊಂಡು, ಬಾಗಿಲು ಹಾಕಿಕೊಂಡು ಬಂದೆ. ವಾಪಸು ಬರುವಾಗ ಇಳಿಜಾರಿನಲ್ಲೂ ಸೈಕಲ್ ತಳ್ಳಿಕೊಂಡೇ ನಡೆದೆ.

ಜ್ವರದ ಆಸ್ಪತ್ರೆ ಊರಾಚೆ, ಗ್ಯಾಸ್ ಕಾರ್ಖಾನೆಯ ಹಿಂದೆ. ಅಲ್ಲಿಗೆ ಹೋದ ಮಗುವಿಗೆ ಒಂದು ನಂಬರು ಕೊಡುತ್ತಿದ್ದರು. ಹೆತ್ತವರು ಒಳಗೆ ಬರುವಂತಿಲ್ಲ; ಸಂಜೆಯ ಪತ್ರಿಕೆಯಲ್ಲಿ ನಂಬರು ನೋಡಿಕೊಳ್ಳಬೇಕು. ಮೊದಲ ಸಾಲಿನಲ್ಲಿದ್ದರೆ ಪ್ರಾಣಾಪಾಯ, ಎರಡನೆಯದರಲ್ಲಿದ್ದರೆ ಕಾಯಿಲೆ ಜೋರು, ಮೂರನೆಯದರಲ್ಲಿದ್ದರೆ ಗುಣಮುಖ. ಮಾವಿಸ್ ಮೂವತ್ತೊಂದು. ಎಂಟು ದಿನ ಮೂವತ್ತೊಂದು ಮೊದಲ ಸಾಲು ಬಿಟ್ಟು ಕದಲಲಿಲ್ಲ.

ಆ ರೋಗ ಗಂಟಲು ಬಿಟ್ಟ ಮೇಲೆ ಹೃದಯಕ್ಕೆ ಇಳಿಯುತ್ತದೆ. ಮಗು ದಿಂಬೂ ಇಲ್ಲದೆ ಅಂಗಾತ ಮಲಗಿರಬೇಕು, ಏಳಬಾರದು, ಎಲ್ಲಕ್ಕಿಂತ ಹೆಚ್ಚಾಗಿ ಅಳಬಾರದು. ಅಪ್ಪನ ಮುಖ ಕಂಡರೆ ಅಳು ಬಂದೇ ಬರುತ್ತದೆ. ಅದಕ್ಕೇ ವಾರ್ಡಿನ ಸಿಸ್ಟರ್ ಪಾರ್ಜಿಟರ್ ಕಿಟಕಿಯಿಂದ ನೋಡುವುದಕ್ಕೂ ಒಪ್ಪಲಿಲ್ಲ. ಆಕೆ ಕೆಟ್ಟವಳಲ್ಲ, ಹಾಗೆ ಎದ್ದು ಕೂತ ಮಗು ಹಿಂದಕ್ಕೆ ಒರಗಿ ಪ್ರಾಣ ಬಿಟ್ಟದ್ದನ್ನು ಕಣ್ಣಾರೆ ಕಂಡವಳು.

ಆದರೆ ಆಸ್ಪತ್ರೆಗೂ ಕಸವಿರುತ್ತದಲ್ಲ. ಗಂಟಲಿನ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಗೊತ್ತಾದ ಮರುದಿನವೇ ಹಾಬ್ಡೇ ಕೆಲಸಕ್ಕೆ ಬಂದ. ಮಂಗಳವಾರ, ಶುಕ್ರವಾರ ಅಲ್ಲಿಯ ಅಡುಗೆಮನೆಯ ಡಬ್ಬ ಎತ್ತುವ ಸರದಿ ಅವನದು. ಇದ್ದಿಲಿನ ಕೊಟ್ಟಿಗೆಯ ಪಕ್ಕ ನಿಂತರೆ ಕಿಟಕಿಯೊಳಗೆ ಮೂರನೇ ಮಂಚ ಕಾಣುತ್ತದೆ. ಅಲ್ಲಿಂದ ಅವನಿಗೆ ಅವಳ ನೆತ್ತಿ ಕಾಣುತ್ತಿತ್ತು, ಅವಳಿಗೆ ಅವನು ಕಾಣುತ್ತಿರಲಿಲ್ಲ. ಕಸದವರೆಂದರೆ ಡಬ್ಬ ಬಡಿದು ಬೀದಿಯನ್ನೇ ಎಬ್ಬಿಸುವವರು. ಅಲ್ಲಿ ಮಾತ್ರ ಅವನು ಡಬ್ಬವನ್ನು ಎರಡು ಕೈಯಲ್ಲಿ ತಬ್ಬಿ ಎತ್ತಿ, ಮೊಟ್ಟೆಯ ಬುಟ್ಟಿ ಇಳಿಸಿದ ಹಾಗೆ ಇಡುತ್ತಿದ್ದ.

ನಾನು ದಿನಾ ಹೋಗುತ್ತಿದ್ದೆ. ಅದು ನನ್ನ ಕೆಲಸವಲ್ಲ, ಸಿಸ್ಟರ್ ಎರಡು ಸಲ ಹಾಗಂತ ಹೇಳಿದಳು, ಮೂರನೇ ಸಲ ಹೇಳಲಿಲ್ಲ. ಮಾವಿಸ್‌ಳ ಪಕ್ಕ ಕೂತು, ಅಪ್ಪ ಇವತ್ತು ಯಾವ ಬೀದಿಯಲ್ಲಿದ್ದಾನೆ, ಯಾವ ನಾಯಿ ಅವನ ಲಾರಿಗೆ ಬೊಗಳಿತು ಅಂತ ಹೇಳುತ್ತಿದ್ದೆ. ಅವಳು ಕಣ್ಣು ಮಾತ್ರ ತಿರುಗಿಸಿ ಕೇಳುತ್ತಿದ್ದಳು. ಒಂದು ದಿನ, ಅಪ್ಪನೂ ಅಮ್ಮನ ಹಾಗೆ ಹೋಗಿಬಿಟ್ಟನಾ ಅಂತ ಉಸಿರಿನಲ್ಲೇ ಕೇಳಿದಳು. ಇಲ್ಲ ಪುಟ್ಟೀ, ಡಬ್ಬ ಎತ್ತುತ್ತಿದ್ದಾನೆ ಅಂದೆ. ಅವತ್ತು ಹೊರಗೆ ಬಂದು ಬೇಲಿಯ ಮರೆಯಲ್ಲಿ ನಿಂತು ಚೆನ್ನಾಗಿ ಅತ್ತೆ.

ಆ ಮಂಗಳವಾರ ಇದ್ದಿಲಿನ ಕೊಟ್ಟಿಗೆಯ ಹತ್ತಿರ ಹಾಬ್ಡೇ ನನ್ನನ್ನು ತಡೆದ.

"ಮಿಸ್, ಒಂದ್ ಮಾತು. ನಾನೇನಾರ ಮಾಡ್ಬೇಕಿತ್ತಾ? ನಾನು ಮಾಡ್ದೇ ಇದ್ದದ್ದು ಏನಾರ ಇತ್ತಾ?"

ಬಾಯಿಗೆ ಬಂತು. ನೀನಲ್ಲಪ್ಪಾ, ನಾನು, ಅಂತ ನಾಲಿಗೆಯ ತುದಿಗೇ ಬಂತು. ಅದನ್ನು ಹೇಳಿದರೆ ಅವನು ಹೋಗಿ ಫ್ರೇಮು ತಿರುಗಿಸುತ್ತಾನೆ. ಆ ಹತ್ತು ಸಾಲು ಓದುತ್ತಾನೆ. ಮೂವತ್ತೊಂದು ಇನ್ನೂ ಮೊದಲ ಸಾಲಿನಲ್ಲಿತ್ತು. ಮಗು ಉಳಿಯದಿದ್ದರೆ ಅವನು ಬದುಕಿಡೀ ಅದನ್ನೇ ಓದುತ್ತಿರುತ್ತಾನೆ.

"ಇಲ್ಲ, ನಿಮ್ಮದೇನೂ ತಪ್ಪಿಲ್ಲ" ಅಂದೆ. ಅದು ನಿಜವೇ. ತಪ್ಪು ಯಾರದು ಅಂತ ಮಾತ್ರ ಹೇಳಲಿಲ್ಲ.

ಡಾಕ್ಟರ ಹತ್ತಿರ ಹೋಗಿ ಎಲ್ಲ ಕಕ್ಕಿದೆ. ಇವತ್ತೇ ಹೋಗಿ ಅವನಿಗೆ ಹೇಳಿಬಿಡುತ್ತೇನೆ ಅಂದೆ. ನಾನು ಅಂದೇ ಹೇಳಿರಲಿಲ್ಲವಾ ಅಂತ ಅವರು ಅನ್ನಬಹುದಿತ್ತು. ಅನ್ನಲಿಲ್ಲ.

"ಹೇಳೋದು ಯಾರಿಗೋಸ್ಕರ, ಮಿಸ್ ಗಾರ್‌ಸೈಡ್?" ಅಂತ ಕೇಳಿದರು. "ಅವ್ನಿಗೋಸ್ಕರಾನಾ, ನಿಮ್ ಭಾರ ಇಳ್ಸೋಕಾ? ಮಗು ಮನೆಗೆ ಬರ್ಲಿ. ಅಲ್ಲೀವರ್ಗೂ ನೀವೇ ಹೊತ್ಕೊಳ್ಳಿ."

ಹೊತ್ತುಕೊಂಡೆ. ನಾನು ಸುಮ್ಮನಿದ್ದದ್ದನ್ನು ಆ ಕಟ್ಟಡ ಮೊದಲ ಸಲ ಕಂಡಿತು. ಟೈಪಿಸ್ಟ್ ಹುಡುಗಿ ನನಗೂ ಜ್ವರವೇ ಅಂತ ವಿಚಾರಿಸಿದಳು.

ಒಂಬತ್ತನೇ ದಿನ ಸಂಜೆ ಮೂವತ್ತೊಂದು ಎರಡನೇ ಸಾಲಿಗೆ ಇಳಿಯಿತು. ಮೂರನೇ ವಾರ ಸಿಸ್ಟರ್, ಮಗುವಿಗೆ ಮನೆಯಿಂದ ಒಂದು ಚಿತ್ರ ಬೇಕಾದರೆ ತರಬಹುದು, ಆದರೆ ಒಳಗೆ ಬಂದದ್ದು ಹೊರಗೆ ಹೋಗುವಂತಿಲ್ಲ, ಕೊನೆಗೆ ಸುಡುವುದೇ ಅಂತ ಅಂದಳು. ನಾನು ಹಾಬ್ಡೇಗೆ ಹೇಳಿದೆ. ಮುಂದಿನ ಮಂಗಳವಾರ ಅವನು ಅಂಗಿಯ ಒಳಗಿಂದ ಬೆಣ್ಣೆಕಾಗದದ ಒಂದು ಪೊಟ್ಟಣ ತೆಗೆದು ಕೈಗಿಟ್ಟ. ಬಿಚ್ಚಿ ನೋಡಿದರೆ ಬಾತುಮರಿ. ಫ್ರೇಮಿನಿಂದ ಬಿಡಿಸಿ ತಂದಿದ್ದ.

"ಇದನ್ನ ಸುಡ್ತಾರೆ, ಗೊತ್ತಲ್ವಾ?" ಅಂದೆ.

"ಗೊತ್ತು ಮಿಸ್. ಅವ್ಳಿಗೆ ಬಾತುಮರಿ ಅಂದ್ರೆ ಪ್ರಾಣ. ಸುಟ್ರೆ ಸುಡ್ಲಿ."

ಅವನ ಮುಖ ನೋಡಿದೆ. ಏನೂ ಕಾಣಲಿಲ್ಲ. ರಟ್ಟು ಕೀಳುವಾಗ ಹಿಂಬದಿ ಕಣ್ಣಿಗೆ ಬಿತ್ತೋ ಇಲ್ಲವೋ ಅಂತ ಕೇಳುವ ಧೈರ್ಯ ನನಗಿರಲಿಲ್ಲ. ಇಷ್ಟುದ್ದ ನಾಲಿಗೆ ಇಟ್ಟುಕೊಂಡು ಆ ಒಂದು ಮಾತು ಕೇಳಲಾಗಲಿಲ್ಲ. ಕಾರ್ಡನ್ನು ಮಂಚದ ಸರಳಿಗೆ ದಾರದಿಂದ ಕಟ್ಟಿದೆ, ಚಿತ್ರ ಅವಳ ಕಡೆಗೆ, ಬರಹ ಗೋಡೆಯ ಕಡೆಗೆ. ಮಾವಿಸ್ ಅದನ್ನು ಬಹಳ ಹೊತ್ತು ನೋಡಿದಳು. ಹಾಗಾದರೆ ಅಪ್ಪ ಮನೆಯಲ್ಲೇ ಇದ್ದಾನೆ ಅಂದಳು.

ಏಪ್ರಿಲ್ ನಡುವಿನಲ್ಲಿ ಅವಳು ಮನೆಗೆ ಬಂದಳು. ಕಾಲು ಕಡ್ಡಿಯಾಗಿತ್ತು, ಆದರೆ ಬಾಯಿ ಸರಿಯಾಗಿತ್ತು. ಮರುದಿನ ಸಂಜೆ ನಾನು ಮಿಲ್ ಲೇನಿಗೆ ಹೋದೆ. ಅಷ್ಟರಲ್ಲಿ ಸಮಿತಿಯ ಎದುರು ನಿಂತು ನನ್ನ ತಪ್ಪು ಒಪ್ಪಿಕೊಂಡಾಗಿತ್ತು. ಹೊಸ ಕಾರ್ಡಿನ ನಮೂನೆ ಚೀಲದಲ್ಲಿತ್ತು. ಬಾತುಮರಿ ಇಲ್ಲ, ಕೇಕಿಲ್ಲ, ಇಡೀ ಮುಂಬದಿ ಕೆಂಪು ಅಕ್ಷರ.

ಹಾಬ್ಡೇ ಚಹಾ ಬಗ್ಗಿಸಿದ. ಅವನ ಪಾಲಿನ ಸಕ್ಕರೆಯಲ್ಲಿ ನನಗೆರಡು ಚಮಚ ಹಾಕಿದ. ಮಾವಿಸ್ ಮೇಜಿನ ಕೆಳಗೆ ಕೂತು ನನ್ನ ಷೂ ಲೇಸು ಬಿಚ್ಚುತ್ತಿದ್ದಳು. ಗೋಡೆಯ ಮೇಲೆ ಫ್ರೇಮು ಖಾಲಿಯಾಗಿ ತೂಗುತ್ತಿತ್ತು.

ನಾನು ನಮೂನೆಯನ್ನು ಮೇಜಿನ ಮೇಲಿಟ್ಟು ಹೇಳಿಬಿಟ್ಟೆ. ಆ ಕಾರ್ಡಿನ ಹಿಂದೆ ಬರಹವಿತ್ತು, ಅದನ್ನು ಅಲ್ಲಿಗೆ ತಳ್ಳಿದವಳು ನಾನು, ಡಾಕ್ಟರು ಬೇಡವೆಂದರೂ ಕೇಳಲಿಲ್ಲ, ನಿಮ್ಮ ಮಗಳು ಸಾಯುವ ಹಾಗಾದದ್ದು ನನ್ನ ಹಟದಿಂದ. ಒಂದೇ ಉಸಿರಿಗೆ ಹೇಳಿದೆ.

"ಓದ್ದೆ ಮಿಸ್" ಅಂದ ಹಾಬ್ಡೇ. "ಫ್ರೇಮು ಬಿಚ್ದಾಗ."

"ಅಷ್ಟು ದಿನದಿಂದ ಗೊತ್ತಿತ್ತಾ? ಮತ್ಯಾಕೆ ಸುಮ್ನಿದ್ರಿ? ನನ್ನನ್ನ ಬೈಬಹುದಿತ್ತಲ್ಲ."

ಅವನು ಕೆಟಲಿನ ಮುಚ್ಚಳ ಸರಿಮಾಡಿದ, ಅದು ಸರಿಯಾಗೇ ಇತ್ತು.

"ಮೊದ್ಲು ಬೈಬೇಕು ಅಂತ್ಲೇ ಇದ್ದೆ. ಒಂದ್ ರಾತ್ರಿ ಪೂರ್ತಿ ನಿಮ್ಗೆ ಹೇಳೋ ಮಾತೆಲ್ಲ ಜೋಡಿಸ್ದೆ. ಆದ್ರೆ ದಿನಾ ಅವ್ಳ ಹತ್ರ ಹೋಗ್ತಿದ್ದೋರು ನೀವೊಬ್ರೇ. ನಾನು ಬೈದು, ನೀವು ಹೋಗೋದು ನಿಲ್ಸಿಬಿಟ್ರೆ? ಅವ್ಳಿಗೆ ಇನ್ಯಾರಿದ್ರು?"

ನಾನು ಚಹಾದ ಬಟ್ಟಲು ಕೆಳಗಿಟ್ಟೆ.

"ಆಮೇಲಾಮೇಲೆ ಬೈಯೋಕೆ ಮನ್ಸೇ ಬರ್ಲಿಲ್ಲ. ನಾನೂ ತಿರುಗ್ಸಿ ನೋಡ್ಬೋದಿತ್ತು ಮಿಸ್. ಮೂರ್ ವರ್ಷ ಗೋಡೆ ಮೇಲಿತ್ತು."

ಮೇಜಿನ ಕೆಳಗಿಂದ ಮಾವಿಸ್, ಮಿಸ್ ಯಾಕೆ ಅಳುತ್ತಿದ್ದಾರೆ ಅಂತ ಕೇಳಿದಳು. ಚಹಾ ಬಿಸಿಯಿತ್ತು ಅಂತ ಅವರಪ್ಪ ಹೇಳಿದ. ನಾನು ಕರವಸ್ತ್ರ ಹುಡುಕುವಷ್ಟರಲ್ಲಿ ಅವನು ಹೊಸ ನಮೂನೆಯನ್ನು ಕೈಗೆತ್ತಿಕೊಂಡು ಮುಂದೆ ಹಿಂದೆ ತಿರುಗಿಸಿ ನೋಡಿದ. ಬಾತುಮರಿ ಎಲ್ಲಿ ಅಂತ ಕೇಳಿದ. ತೆಗೆಸಿದೆ ಅಂದೆ.

"ಅಕ್ಷರ ಮುಂದೆ ಹಾಕ್ಸಿ, ಸರಿ. ಬಾತುಮರೀನ ಮಾತ್ರ ತೆಗೀಬೇಡಿ. ಇದನ್ನ ಆವತ್ತು ನಂಗೆ ಕಳ್ಸಿದ್ರೆ ಸೀದಾ ಒಲೆಗೆ ಹಾಕ್ತಿದ್ದೆ."

ಬಾತುಮರಿ ವಾಪಸು ಬಂತು, ಎದೆಯ ಮೇಲೆ ಕೆಂಪು ಅಕ್ಷರ ಹೊತ್ತುಕೊಂಡು. ಮೊದಲಿನಷ್ಟು ಚಂದವಿರಲಿಲ್ಲ. ಇರಲಿ.

ಇನ್ನೊಂದೂ ಆಯಿತು. ಮಕ್ಕಳಿರುವ ಮನೆ ಯಾವುದು ಅಂತ ಜನನ ದಾಖಲೆಗಿಂತ ಚೆನ್ನಾಗಿ ಕಸದ ಡಬ್ಬಕ್ಕೆ ಗೊತ್ತಿರುತ್ತದಂತೆ. ಹಾಲಿನ ಪುಡಿಯ ಸರ್ಕಾರಿ ಡಬ್ಬಿ ಬಿದ್ದಿದ್ದರೆ ಒಳಗೆ ಕೂಸಿದೆ ಎಂದೇ ಅರ್ಥ. ಆ ಬೇಸಿಗೆಯಿಂದ ಹಾಬ್ಡೇ ಬಂದಾಗೆಲ್ಲ ಮಸಿ ಹತ್ತಿದ ಒಂದು ಚೀಟಿ ಕೊಡುತ್ತಿದ್ದ. ಹೊಸದಾಗಿ ಊರಿಗೆ ಬಂದವರು, ಅಜ್ಜಿ ಮನೆಯಿಂದ ಮರಳಿದವರು, ನನ್ನ ಪೆಟ್ಟಿಗೆ ಅರಿಯದವರೆಲ್ಲ ಅದರಲ್ಲಿರುತ್ತಿದ್ದರು. ಆ ವರ್ಷ ಹನ್ನೊಂದು ಮಕ್ಕಳನ್ನು ಹಾಗೆ ಹಿಡಿದೆವು. ಹೆಲ್ತ್ ವಿಸಿಟರ್ ಕೆಲಸಕ್ಕೆ ಅರ್ಜಿ ಹಾಕಿ ಅಂತ ನಾನು ಕೆಣಕಿದರೆ, ಅಷ್ಟು ಕಿರುಚುವ ಸೈಕಲ್ ತನಗೆ ಎಲ್ಲಿ ಸಿಗಬೇಕು ಅನ್ನುತ್ತಿದ್ದ.

ಮುಂದಿನ ಜನವರಿಯಲ್ಲಿ ಮಾವಿಸ್‌ಗೆ ಐದು ತುಂಬಿತು. ಕೌನ್ಸಿಲಿನ ಕಾರ್ಡು ಬರುವುದು ಮೊದಲ ಹುಟ್ಟುಹಬ್ಬಕ್ಕೆ ಮಾತ್ರ. ಹಾಗಾಗಿ ನಾನೇ ಬಣ್ಣ ಕೊಂಡು ತಂದು ಕೂತು ಬರೆದೆ. ಚಿತ್ರ ಬಿಡಿಸುವುದು ನನಗೆ ಬರುವುದಿಲ್ಲ, ಬಾತುಮರಿ ರಿಬ್ಬನ್ನು ಕಟ್ಟಿದ ಆಲೂಗಡ್ಡೆಯ ಹಾಗೆ ಕಾಣುತ್ತಿತ್ತು. ಅಂಚೆಗೆ ಹಾಕಿದೆ.

ಆ ವಾರ ಕಚೇರಿಯ ಹಿಂದೆ ಲಾರಿ ನಿಂತ ಸದ್ದಾಯಿತು. ನಾನು ಬಾಗಿಲಿಗೆ ಹೋದೆ. ಹಾಬ್ಡೇ ನಮ್ಮ ಡಬ್ಬ ಎತ್ತಿಕೊಂಡು ನಿಂತಿದ್ದ. ಕಾರ್ಡು ಬಂತು, ಮಾವಿಸ್ ಅದನ್ನು ಆಲೂಗಡ್ಡೆ ಅಂತಿದ್ದಾಳೆ, ಆದರೆ ಫ್ರೇಮಿಗೇ ಹಾಕಬೇಕು ಅಂತ ಹಟ ಅಂದ.

"ರಟ್ಟು ಅಂಟ್ಸೋಕ್ ಮುಂಚೆ ತಿರುಗ್ಸಿ ನೋಡ್ದೆ ಮಿಸ್. ಹಿಂದೆ ಏನೂ ಬರ್ದಿರ್ಲಿಲ್ಲ."

"ಇಲ್ಲ" ಅಂದೆ. "ಈ ಸಲ ಬರೀ ಹುಟ್ಟಿದಬ್ಬ."

ಅವನು ತಲೆಯಾಡಿಸಿದ. ಡಬ್ಬವನ್ನು ಲಾರಿಗೆ ಸುರಿದು ತಂದು, ಎರಡು ಕೈಯಲ್ಲಿ ಹಿಡಿದು, ಸದ್ದಾಗದ ಹಾಗೆ ನನ್ನ ಬಾಗಿಲಿನ ಪಕ್ಕ ಇಟ್ಟ.